ಬೇಲಿಯ ಆಚೆ ತಾಯಿ, ಈಚೆ ಕರು

ಅಮೆರಿಕೆಗೆ ಹೋಗಿಬಂದವರು ಅಲ್ಲಿನ ಗಗನಚುಂಬಿ ಕಟ್ಟಡಗಳನ್ನೂ ನಯಾಗರಾ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ನಾನೂ ಅವುಗಳಲ್ಲಿ ಕೆಲವನ್ನು ಕಂಡು ಬೆರಗುಗೊಂಡವನೇ. ಆದರೆ ಊರಿಗೆ ಮರಳಿದ ಮೇಲೆ ನನ್ನ ಕಿವಿಯಲ್ಲಿ ಉಳಿದಿರುವ ಧ್ವನಿ ಜಲಪಾತದ್ದಲ್ಲ. ನೆಬ್ರಾಸ್ಕ ರಾಜ್ಯದ ಮರಳುಗುಡ್ಡಗಳ ನಡುವಿನ ಒಂದು ಸಣ್ಣ ದನಗಾವಲಿನಲ್ಲಿ ಮೂರು ಹಗಲು ಮೂರು ರಾತ್ರಿ ಎಡೆಬಿಡದೆ ಕೇಳಿದ ಕರುಗಳ ಕೂಗು ಅದು. ಆ ಮೂರು ದಿನಗಳ ಅನುಭವವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ.

2024ರ ಅಕ್ಟೋಬರ್ ತಿಂಗಳಲ್ಲಿ ನಾನು ಲಿಂಕನ್ ನಗರದಲ್ಲಿರುವ ನನ್ನ ತಮ್ಮನ ಮಗನ ಮನೆಯಲ್ಲಿ ತಂಗಿದ್ದೆ. ಅವನ ಸಹೋದ್ಯೋಗಿಯೊಬ್ಬರ ತಂದೆತಾಯಿಗಳು ರಾಜ್ಯದ ಪಶ್ಚಿಮ ಭಾಗದಲ್ಲಿ ದನ ಸಾಕಿಕೊಂಡು ಬದುಕುವವರು. “ದೊಡ್ಡಪ್ಪಾ, ನೀವು ದನದ ಕೊಟ್ಟಿಗ್ಯಾಗ ಬೆಳೆದವರು. ಪ್ಯಾಟಿ ನೋಡಿದ್ದು ಸಾಕು, ಇಲ್ಲಿ ದನಾ ಸಾಕೋರನ್ನ ನೋಡೂಣು ಬರ್ರಿ” ಎಂದು ಅವನು ನನ್ನನ್ನು ಹೊರಡಿಸಿದ. ಗ್ರ್ಯಾಂಡ್ ಐಲೆಂಡ್, ಬ್ರೋಕನ್ ಬೋ, ಥೆಡ್‌ಫೋರ್ಡ್ ಎಂಬ ಊರುಗಳನ್ನು ಹಾಯ್ದು ನಾನೂರು ಕಿಲೋಮೀಟರುಗಳಿಗೂ ಮಿಕ್ಕಿದ ಪ್ರಯಾಣ. ಮೊದಲರ್ಧ ದಾರಿ ಎರಡೂ ಬದಿಗೆ ಒಣಗಿ ನಿಂತ ಮುಸುಕಿನ ಜೋಳ. ಬ್ರೋಕನ್ ಬೋ ದಾಟಿದ ಮೇಲೆ ಹೊಲಗಳು ನಿಂತುಹೋಗಿ, ಹುಲ್ಲು ಹೊದ್ದ ದಿಬ್ಬಗಳು ಸಮುದ್ರದ ಅಲೆಗಳಂತೆ ಒಂದರ ಹಿಂದೊಂದು ಏಳತೊಡಗಿದವು. ರಸ್ತೆಯ ಪಕ್ಕದ ಹಳಿಯಲ್ಲಿ ಕಲ್ಲಿದ್ದಲು ಹೊತ್ತ ಗೂಡ್ಸ್ ರೈಲುಗಳು ತುದಿಮೊದಲು ಕಾಣದಂತೆ ಸಾಗುತ್ತಿದ್ದವು. ಅವುಗಳ ಹೊರತು ಗಂಟೆಗಟ್ಟಲೆ ಬೇರೊಂದು ಚಲನೆ ಕಾಣಲಿಲ್ಲ. ಹೂಕರ್ ಎಂಬ ಜಿಲ್ಲೆಯನ್ನು ಪ್ರವೇಶಿಸುತ್ತಲೇ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಯಿತು. ಅಲ್ಲಿಂದ ಕಾಲವಲಯವೇ ಬೇರೆ. ಇಡೀ ಜಿಲ್ಲೆಗೆ ಮಲ್ಲನ್ ಎಂಬುದೊಂದೇ ಊರು. 2020ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 700. ನಮ್ಮಲ್ಲಿ ಒಂದು ಓಣಿಯ ಜಾತ್ರೆಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ!

ಆ ದಿಬ್ಬಗಳು ಮಣ್ಣಿನವಲ್ಲ, ಅಪ್ಪಟ ಮರಳಿನವು. ಸುಮಾರು 50,000 ಚದರ ಕಿಲೋಮೀಟರು ಹರಡಿರುವ ಈ ಪ್ರದೇಶಕ್ಕೆ ‘ಸ್ಯಾಂಡ್‌ಹಿಲ್ಸ್’ ಎಂದೇ ಹೆಸರು. ಗಾಳಿ ತಂದು ರಾಶಿ ಹಾಕಿದ ಮರಳನ್ನು ಹುಲ್ಲಿನ ಬೇರುಗಳು ಹಿಡಿದು ನಿಲ್ಲಿಸಿವೆ. ಹುಲ್ಲು ಹೋದರೆ ದಿಬ್ಬ ಮತ್ತೆ ನಡೆಯತೊಡಗುತ್ತದೆ. 1904ರಲ್ಲಿ ಅಮೆರಿಕೆಯ ಸರ್ಕಾರ ಕಿಂಕೇಡ್ ಕಾಯಿದೆಯ ಮೂಲಕ ಇಲ್ಲಿ ನೆಲೆಸಲು ಬಂದ ಕುಟುಂಬಗಳಿಗೆ ತಲಾ 640 ಎಕರೆ ಭೂಮಿಯನ್ನು ಕೊಟ್ಟಿತು. ಅಷ್ಟು ಭೂಮಿ ಸಿಕ್ಕರೆ ನಮ್ಮವರು ಜಮೀನ್ದಾರರಾಗಿಬಿಡುತ್ತಿದ್ದರು. ಆದರೆ ಈ ಮರಳಿನಲ್ಲಿ ಒಂದು ಆಕಳೂ ಅದರ ಕರುವೂ ವರ್ಷವಿಡೀ ಮೇಯಲು ಹದಿನೈದರಿಂದ ಇಪ್ಪತ್ತು ಎಕರೆ ಬೇಕು. ನೇಗಿಲು ಹೂಡಿದವರ ಹೊಲ ಗಾಳಿಗೆ ಹಾರಿತು; ಅನೇಕರು ಮಾರಿ ಹೋದರು; ಉಳಿದವರು ದನಗಾರರಾದರು. ಈಗ ನೆಬ್ರಾಸ್ಕದಲ್ಲಿ ಮನುಷ್ಯರ ಮೂರು ಪಟ್ಟು ದನಗಳಿವೆ.

ನಾವು ಹೋದ ಮನೆಯವರದು 2,000 ಎಕರೆ, ನೂರ ಹತ್ತು ಆಕಳು. ಇದು ಅಲ್ಲಿಯ ಲೆಕ್ಕದಲ್ಲಿ ಸಣ್ಣ ಹಿಡುವಳಿ. ಯಜಮಾನರಿಗೂ ಅವರ ಮಡದಿಗೂ ನನ್ನಷ್ಟೇ ವಯಸ್ಸು. ಆಳುಗಳಿಲ್ಲ. ಗಂಡಹೆಂಡಿರಿಬ್ಬರೇ ಬೇಲಿ ಕಟ್ಟುವರು, ಹುಲ್ಲು ಕೊಯ್ಯುವರು, ಯಂತ್ರ ಕೆಟ್ಟರೆ ಬಿಚ್ಚಿ ಜೋಡಿಸುವರು. ನಾನು ಮಾಂಸಾಹಾರಿಯಲ್ಲವೆಂದು ಮೊದಲೇ ತಿಳಿಸಿದ್ದುದರಿಂದ ಆ ತಾಯಿ ಅವರೆಯಂಥ ಕಾಳಿನ ಸಾರು, ಬೇಯಿಸಿದ ಆಲೂಗಡ್ಡೆ, ಮೆಕ್ಕೆಜೋಳದ ರೊಟ್ಟಿ ಮಾಡಿಟ್ಟಿದ್ದರು. ಚಹಾಕ್ಕೆ ಹಾಲು ಕೇಳಿದೆ. ಪೇಟೆಯಿಂದ ತಂದ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ಮುಂದಿಟ್ಟರು. ನೂರ ಹತ್ತು ಆಕಳುಗಳ ಮನೆಯಲ್ಲಿ ಕೊಂಡ ಹಾಲು! ಅವು ಕಪ್ಪು ಆಂಗಸ್ ತಳಿಯವು. ಅವುಗಳನ್ನು ಯಾರೂ ಕರೆಯುವುದಿಲ್ಲ. ಹಾಲೆಲ್ಲ ಕರುವಿಗೇ ಮೀಸಲು. ಅಜ್ಜಂಪುರದ ಅಮೃತಮಹಲ್ ಕಾವಲಿನ ನೆನಪಾಯಿತು. ಅಲ್ಲಿಯೂ ತಾಯಿಯ ಹಾಲನ್ನು ಕರುವಿಗೇ ಬಿಡುವ ಪದ್ಧತಿಯಿತ್ತು. ಆದರೆ ಅಮೃತಮಹಲಿನ ಕರು ಬೆಳೆದು ಬಂಡಿಗೆ, ನೊಗಕ್ಕೆ ಹೋಗುತ್ತಿತ್ತು. ಇಲ್ಲಿಯ ಕರು ಹೋಗುವ ದಾರಿ ಬೇರೆ. ಅದನ್ನು ಮುಂದೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ನಾವು ಹೋದ ವಾರವೇ ಕರುಗಳಿಗೆ ಹಾಲು ಬಿಡಿಸುವ ವಾರ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹುಟ್ಟಿದ ಕರುಗಳಿಗೆ ಆಗ ಆರೇಳು ತಿಂಗಳು. ಒಂದೊಂದೂ ಇನ್ನೂರೈವತ್ತು ಕಿಲೋ ತೂಗುತ್ತಿತ್ತು. “ತಾಯಿ ಕರುಗಳನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ?” ಎಂದು ಕೇಳಿದೆ. ಯಜಮಾನರು ವಿವರಿಸಿದರು: ಅಕ್ಟೋಬರಿನ ಹೊತ್ತಿಗೆ ಹುಲ್ಲಿನ ಸತ್ವ ಇಳಿಯುತ್ತದೆ. ಆಕಳು ಆಗಲೇ ಮತ್ತೆ ಗಬ್ಬವಾಗಿರುತ್ತದೆ. ಹಾಲು ಕೊಡುತ್ತ ಹೋದರೆ ಮೈ ಇಳಿದು, ಹಿಮ ಸುರಿಯುವ ಚಳಿಗಾಲವನ್ನು ಅದು ತಾಳುವುದಿಲ್ಲ. ವಸಂತದಲ್ಲಿ ಹುಟ್ಟುವ ಕರು ಬಲಹೀನವಾಗುತ್ತದೆ. ಈ ಕರುವಿನ ಹಾಲು ಬಿಡಿಸುವುದು ಬರಲಿರುವ ಕರುವಿನ ಸಲುವಾಗಿ.

ಬಿಡಿಸುವ ಬಗೆಗಳು ಹಲವು. ನಮ್ಮ ಹಳ್ಳಿಗಳಲ್ಲಿ ಕರುವಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಕೆಲವರು ಅದಕ್ಕೆ ಮುಳ್ಳು ಸಿಕ್ಕಿಸುತ್ತಿದ್ದರು, ಚುಚ್ಚಿಸಿಕೊಂಡ ತಾಯಿಯೇ ಕರುವನ್ನು ಒದೆಯಲೆಂದು. ಅಲ್ಲಿ ಮೂಗಿನ ಹೊಳ್ಳೆಗಳ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ತಗಡು ಬಂದಿದೆ; ಅದು ತೂಗಾಡುವಾಗ ಮೊಲೆ ಬಾಯಿಗೆ ಸಿಗದು, ಹುಲ್ಲು ನೀರುಗಳಿಗೆ ಅಡ್ಡಿಯಿಲ್ಲ. ಹಿಂದಿನಿಂದ ಬಂದ ರೂಢಿಯೆಂದರೆ ಕರುಗಳನ್ನು ಲಾರಿಗೆ ತುಂಬಿ, ಕೂಗು ಕೇಳಿಸದಷ್ಟು ದೂರ ಸಾಗಿಸಿಬಿಡುವುದು. ಈ ಮನೆಯವರು ಅನುಸರಿಸುವುದು ಇನ್ನೊಂದು ಬಗೆ. ಒಂದೇ ಬೇಲಿಯ ಆಚೆ ತಾಯಂದಿರು, ಈಚೆ ಕರುಗಳು. ಕಾಣಬಹುದು, ಮೂಗಿಗೆ ಮೂಗು ತಾಗಿಸಬಹುದು, ಧ್ವನಿ ಕೇಳಬಹುದು. ಹಾಲು ಮಾತ್ರ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಬಗೆಯನ್ನು ಸಮರ್ಥಿಸಿದೆ. ಬೇಲಿಯಾಚೆ ತಾಯಿಯನ್ನು ಕಾಣುತ್ತಿದ್ದ ಕರುಗಳು ಪೂರ್ಣವಾಗಿ ದೂರ ಮಾಡಿದ ಕರುಗಳಿಗಿಂತ ಕಡಿಮೆ ಕೂಗಿದವು, ಕಡಿಮೆ ಅಲೆದವು, ಹೆಚ್ಚು ಮೇಯ್ದವು. ಹತ್ತು ವಾರಗಳ ಅನಂತರವೂ ತೂಕದಲ್ಲಿ ಅವೇ ಮುಂದಿದ್ದವು.

ಮೊದಲ ದಿನ ಬೆಳಗ್ಗೆ ತಾಯಿ ಕರುಗಳನ್ನೆಲ್ಲ ದೊಡ್ಡಿಗೆ ಕೂಡಿದರು. ಇಕ್ಕಟ್ಟಿನ ಓಣಿಯಲ್ಲಿ ಒಂದೊಂದೇ ಕರುವನ್ನು ನಡೆಸಿ, ಕಬ್ಬಿಣದ ಚೌಕಟ್ಟಿನಲ್ಲಿ ಹಿಡಿದು, ಶ್ವಾಸಕೋಶದ ರೋಗಗಳಿಗೆ ಪ್ರತಿಬಂಧಕ ಚುಚ್ಚುಮದ್ದು ಕೊಟ್ಟರು. ಅಗಲಿಕೆಯ ದುಃಖ, ಧೂಳು, ನೀರಿನ ಕೊರತೆ ಒಂದುಗೂಡಿದರೆ ಕರುವಿಗೆ ಪುಪ್ಪುಸದ ಜ್ವರ ಹತ್ತುತ್ತದೆ. ಸಾಗಾಟದಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ಅದಕ್ಕೆ ‘ಸಾಗಾಟದ ಜ್ವರ’ವೆಂದೇ ಅವರು ಕರೆಯುತ್ತಾರೆ. ಮಧ್ಯಾಹ್ನದ ವೇಳೆಗೆ ಆಕಳುಗಳನ್ನು ಬೇಲಿಯ ಆಚೆಗೆ ಅಟ್ಟಿ ಬಾಗಿಲು ಹಾಕಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಂದು ಕರು ಕೂಗಿತು. ಆಚೆಯಿಂದ ಒಂದು ಆಕಳು ಓಗೊಟ್ಟಿತು. ಬಳಿಕ ಇನ್ನೂರಕ್ಕೂ ಮಿಕ್ಕಿದ ಕೊರಳುಗಳು ಒಟ್ಟಿಗೆ ತೆರೆದುಕೊಂಡವು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಆದರೂ ಪಡಸಾಲೆಯ ಕಿಟಕಿಯೊಂದು ಅರ್ಧ ತೆರೆದಿತ್ತು. ಮುಚ್ಚಲು ಹೋದೆ. ಮನೆಯ ತಾಯಿ ತಡೆದರು: “ದಯವಿಟ್ಟು ಮುಚ್ಚಬೇಡಿ. ಬೇಲಿ ಮುರಿದರೆ ಕೂಗಿನ ಧಾಟಿ ಬದಲಾಗುತ್ತದೆ, ನನಗೆ ತಿಳಿಯಬೇಕು. ಅಲ್ಲದೆ ಈ ಕೂಗಿಗೆ ಕಾರಣರಾದವರು ನಾವು. ಕಿಟಕಿ ಮುಚ್ಚಿ ಮಲಗುವುದು ಸರಿಯಲ್ಲ.” ತಮ್ಮನ ಮಗ ಈ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ನಾನು ಕುರ್ಚಿ ಎಳೆದುಕೊಂಡು ಆ ಕಿಟಕಿಯ ಬಳಿಯೇ ಕುಳಿತೆ.

ನನ್ನ ಕಥೆಯನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಹೇಳಿದರೆ ಓದುಗರು ಕ್ಷಮಿಸಬೇಕು. 1968ರಲ್ಲಿ, ನನ್ನ ಒಂಬತ್ತನೆಯ ವಯಸ್ಸಿನಲ್ಲಿ, ವಿದ್ಯೆಗೆಂದು ನನ್ನನ್ನು ಮಠದಲ್ಲಿ ಬಿಟ್ಟರು. ನಾನು ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದಾಗ ಅಪ್ಪ ಹೇಳದೆ ಎದ್ದುಹೋದರು. ಹುಡುಗ ಅತ್ತಾನೆಂಬ ಅಂತಃಕರಣದಿಂದಲೇ ಹಾಗೆ ಮಾಡಿದರು. ಕೈ ತೊಳೆದು ಬಂದು ನೋಡಿದಾಗ ಅಗಸೆಯಲ್ಲಿ ಯಾರೂ ಇರಲಿಲ್ಲ. ಮಠ ನನಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿತು, ಆ ಋಣ ತೀರುವಂಥದಲ್ಲ. ಆದರೆ ಆ ಬರಿದಾದ ಅಗಸೆ ಇಂದಿಗೂ ನನ್ನ ಕಣ್ಣಮುಂದಿದೆ. ಅತ್ತ ಊರಿನಲ್ಲಿ ಅವ್ವ ಮೂರು ದಿನ ಉಂಡಿರಲಿಲ್ಲವೆಂಬುದನ್ನು ಅಕ್ಕ ನನಗೆ ಹೇಳಿದ್ದು ಅವ್ವ ಲಿಂಗೈಕ್ಯಳಾದ ಮೇಲೆ.

ಎರಡನೆಯ ದಿನ ಯಂತ್ರಗಳು ಕೈಕೊಡುವ ದಿನವಾಯಿತು. ಬೆಳಗ್ಗೆ ಕರುಗಳಿಗೆ ಹುಲ್ಲಿನ ಉರುಳೆ ಹಾಕಲು ಯಜಮಾನರು ಹೊಸ ಟ್ರಾಕ್ಟರನ್ನು ಚಾಲೂ ಮಾಡಿದರು. ಒಂದೊಂದು ಉರುಳೆ ಐದಾರು ನೂರು ಕಿಲೋ. ಮನುಷ್ಯರ ತೋಳಿಗೆ ಅದು ನಿಲುಕದು. ಟ್ರಾಕ್ಟರಿನ ಪರದೆಯ ಮೇಲೆ ಕೆಂಪು ಅಂಕಿಯೊಂದು ಮಿನುಗಿತು, ಯಂತ್ರ ಆಮೆಯ ನಡಿಗೆಗಿಳಿಯಿತು. ದೋಷವೇನೆಂಬುದನ್ನು ಓದಬಲ್ಲ ಗಣಕಯಂತ್ರ ಇರುವುದು ಮಾರಾಟಗಾರರ ಬಳಿ. ಫೋನು ಮಾಡಿದರು, ತಂತ್ರಜ್ಞ ಬರುವುದು ಮೂರು ದಿನಗಳ ಮೇಲೆ ಎಂಬ ಉತ್ತರ ಬಂದಿತು. ತಾವು ದುಡ್ಡು ಕೊಟ್ಟು ಕೊಂಡ ಯಂತ್ರವನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕು ಬೇಕೆಂದು ಅಲ್ಲಿಯ ರೈತರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನೆರೆಯ ಕೊಲರಾಡೊ ರಾಜ್ಯ 2023ರಲ್ಲಿ ಅಂಥ ಕಾಯಿದೆಯನ್ನು ಮಾಡಿತು. ಕೃಷಿಯಂತ್ರಗಳ ವಿಷಯದಲ್ಲಿ ಅಮೆರಿಕೆಯಲ್ಲಿ ಅದೇ ಮೊದಲನೆಯದು. 2024ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಈ ಮನೆ ಇರುವುದು ಗಡಿಯ ಈಚೆಗೆ. ಯಜಮಾನರು ಗೊಣಗಲಿಲ್ಲ. ಹುಲ್ಲಿನ ಚಪ್ಪರದ ಹಿಂದೆ ಮೂಲೆಗುಂಪಾಗಿದ್ದ, ತಮ್ಮ ತಂದೆಯ ಕಾಲದ ಟ್ರಾಕ್ಟರಿಗೆ ಪಿಕಪ್ ವಾಹನದ ಬ್ಯಾಟರಿಯಿಂದ ತಂತಿ ಜೋಡಿಸಿದರು. ಅದು ಎರಡು ಸಲ ಕೆಮ್ಮಿತು, ಮೂರನೆಯ ಸಲ ಎದ್ದಿತು. ಅದಕ್ಕೆ ಪರದೆಯಿಲ್ಲ, ಅದರ ಕಾಯಿಲೆಯನ್ನು ಕಿವಿಯಿಂದಲೇ ತಿಳಿಯಬೇಕು.

ಹುಲ್ಲು ಮುಗಿಯಿತೆನ್ನುವಷ್ಟರಲ್ಲಿ ಆ ತಾಯಿ ಬಂದು ಕರುಗಳ ತೊಟ್ಟಿಯಲ್ಲಿ ನೀರು ಒಂದು ಮೊಳ ಇಳಿದಿದೆಯೆಂದರು. ಎಲ್ಲರ ಮುಖವೂ ಗಂಭೀರವಾಯಿತು. ಆ ತೊಟ್ಟಿಗೆ ನೀರು ಬರುವುದು ಸೂರ್ಯಶಕ್ತಿಯಿಂದ ನಡೆಯುವ ಪಂಪಿನಿಂದ. ಬಿಸಿಲು ಧಾರಾಳವಾಗಿತ್ತು, ಫಲಕಗಳು ಸ್ವಚ್ಛವಾಗಿದ್ದವು, ನೀರು ಮಾತ್ರ ಇಲ್ಲ. ಯಜಮಾನರು ಫಲಕದಿಂದ ಹಿಡಿದು ಒಂದೊಂದೇ ತಂತಿಯನ್ನು ಮೀಟರಿನಿಂದ ಪರೀಕ್ಷಿಸುತ್ತ ಬಂದು ನಿಯಂತ್ರಕದ ಪೆಟ್ಟಿಗೆಯನ್ನು ತೆರೆದರು. ಒಳಗೆ ಹುಲ್ಲಿನ ಮೆತ್ತನೆಯ ಗೂಡು! ಚಳಿಗೆ ಬೆಚ್ಚನೆಯ ಜಾಗ ಹುಡುಕಿ ಬಂದ ಇಲಿ ತಂತಿಯ ಹೊದಿಕೆಯನ್ನು ಕಡಿದು, ತಂತಿಗಳು ಒಂದಕ್ಕೊಂದು ತಾಗಿ, ಪೆಟ್ಟಿಗೆಯ ಒಳಭಾಗ ಸುಟ್ಟುಹೋಗಿತ್ತು. ಬದಲಿ ಭಾಗ ಅಂಚೆಯಲ್ಲಿ ಬರಲು ನಾಲ್ಕು ದಿನ ಬೇಕು.

ಬೆಳೆದ ಕರುವೊಂದು ದಿನಕ್ಕೆ ಇಪ್ಪತ್ತರಿಂದ ಮೂವತ್ತು ಲೀಟರು ನೀರು ಕುಡಿಯುತ್ತದೆ. ನೂರಕ್ಕೂ ಹೆಚ್ಚು ಕರುಗಳೆಂದರೆ ಎರಡು ಸಾವಿರ ಲೀಟರಿಗೆ ಕಡಿಮೆಯಿಲ್ಲ. ಕೂಗಿ ಕೂಗಿ ಗಂಟಲೊಣಗಿದ ಕರುಗಳಿಗೆ ಇನ್ನೂ ಹೆಚ್ಚು. ಉಳಿದ ದಾರಿ ಒಂದೇ: ಬಾಗಿಲು ತೆರೆದು ಕರುಗಳನ್ನು ತಾಯಂದಿರ ಕಡೆಗೆ ಬಿಡುವುದು, ಆ ಕಡೆ ನೀರಿದೆ. ಆದರೆ ಹಾಗೆ ಮಾಡಿದರೆ ಎರಡು ದಿನಗಳ ಅಗಲಿಕೆ ವ್ಯರ್ಥವಾಗಿ, ಅದೇ ಸಂಕಟವನ್ನು ವಾರದ ಮೇಲೆ ಮೊದಲಿನಿಂದ ಉಣಿಸಬೇಕಾಗುತ್ತದೆ. ಯಜಮಾನರು ಕಾಯೋಣವೆಂದರು. ಮಡದಿ ತೆರೆಯೋಣವೆಂದರು. ವರ್ಷದ ಆದಾಯವೆಲ್ಲ ಆ ಕರುಗಳೇ. ಒಂದೇ ದಿನ ಮಾರಿ ಬಂದ ಹಣದಲ್ಲಿ ವರ್ಷವಿಡೀ ಬದುಕಬೇಕು, ಬ್ಯಾಂಕಿನ ಸಾಲ ತೀರಿಸಬೇಕು. ಆದರೂ ಇಬ್ಬರೂ ಹಣದ ಮಾತೆತ್ತಲಿಲ್ಲ. ಯಾವುದರಿಂದ ಕರುವಿಗೆ ಕಡಿಮೆ ನೋವು ಎಂಬುದಷ್ಟೇ ಅವರ ವಾದ. ಕೊನೆಗೆ ರಾತ್ರಿ ಹತ್ತು ಗಂಟೆಯವರೆಗೆ ನೋಡುವುದು, ಅಷ್ಟರಲ್ಲಿ ನೀರಾಗದಿದ್ದರೆ ಬಾಗಿಲು ತೆರೆಯುವುದು ಎಂದು ನಿಶ್ಚಯಿಸಿದರು.

ತೊಟ್ಟಿಯ ಪಕ್ಕದಲ್ಲಿ, ಸೌರಪಂಪು ಬಂದ ಮೇಲೆ ಕೆಲಸವಿಲ್ಲದೆ ನಿಂತ ಹಳೆಯ ಗಾಳಿಯಂತ್ರವೊಂದಿತ್ತು. ಉಕ್ಕಿನ ಗೋಪುರ, ಅದರ ತುದಿಯಲ್ಲಿ ತಗಡಿನ ರೆಕ್ಕೆಗಳ ಚಕ್ರ, ಗಾಳಿಯ ದಿಕ್ಕಿಗೆ ತಿರುಗಿಸುವ ಬಾಲ. ಮರಳುಗುಡ್ಡಗಳಲ್ಲಿ ದನಗಳು ಬದುಕಿದ್ದೇ ಇಂಥ ಗಾಳಿಯಂತ್ರಗಳಿಂದ. ಮರಳಿನ ಕೆಳಗೆ ಓಗಲಾಲ ಎಂಬ ಅಪಾರ ಅಂತರ್ಜಲದ ನಿಧಿಯಿದೆ. ಯಜಮಾನರು ಚಕ್ರವನ್ನು ಬಿಟ್ಟು ನೋಡಿದರು. ಅದು ತಿರುಗಿತು, ಸರಳು ಮೇಲೆ ಕೆಳಗೆ ಆಡಿತು, ನೀರು ಬರಲಿಲ್ಲ. “ಚರ್ಮ ಸವೆದಿದೆ” ಎಂದರು. ನನಗೆ ಅರ್ಥವಾಗಲಿಲ್ಲ. ಕೊಳವೆಯ ಆಳದಲ್ಲಿ ನೀರನ್ನೆತ್ತುವ ಪಿಸ್ಟನ್ನಿಗೆ ಬಟ್ಟಲಿನಾಕಾರದ ಚರ್ಮದ ಬಿಲ್ಲೆಗಳಿರುತ್ತವೆ. ಅವು ಕೊಳವೆಯ ಗೋಡೆಗೆ ಒತ್ತಿ ನಿಂತರೆ ನೀರು ಏರುತ್ತದೆ, ಸವೆದರೆ ಜಾರಿಹೋಗುತ್ತದೆ. ನನಗೆ ಆಗ ನೆನಪಾದದ್ದು ನಮ್ಮ ಹೊಲದ ಕಪಿಲೆಬಾವಿ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು; ತೊಗಲು ಹರಿದರೆ ಅಂದು ತೋಟಕ್ಕೆ ನೀರಿಲ್ಲ. ಅರ್ಧ ಭೂಮಿಯನ್ನು ಸುತ್ತಿ ಬಂದರೂ ನೀರಿಗೆ ತೊಗಲೇ ಗತಿಯಾಯಿತಲ್ಲ ಎಂದುಕೊಂಡೆ.

ಎಣ್ಣೆಯಲ್ಲಿ ನೆನೆಸಿಟ್ಟ ಹೊಸ ಬಿಲ್ಲೆಗಳು ಒಂದು ಹಳೆಯ ಕಾಫಿಡಬ್ಬಿಯಲ್ಲಿದ್ದವು. ಗೋಪುರಕ್ಕೆ ಕಪ್ಪಿ ಕಟ್ಟಿ, ಹಗ್ಗ ಹಾಕಿ, ಸರಳುಗಳನ್ನು ಮೇಲೆಳೆಯುತ್ತ ಒಂದೊಂದೇ ಗೆಣ್ಣನ್ನು ಬಿಚ್ಚಬೇಕು. ಎರಡು ಪಾನಾಗಳು ಬೇಕು: ಒಂದು ಹಿಡಿಯಲು, ಇನ್ನೊಂದು ತಿರುಗಿಸಲು. ಹಿಡಿಯುವ ಪಾನಾ ಅರವತ್ತೈದರ ನನ್ನ ಕೈಗೆ ಬಂದಿತು. ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಅಭ್ಯಾಸವಾದ ಕೈಗಳಿಗೆ ಅದೊಂದು ಹೊಸ ಕಾಯಕ. ಪಕ್ಕದಲ್ಲೇ ಕರುಗಳು ಬೇಲಿಯುದ್ದಕ್ಕೂ ನಡೆಯುತ್ತ ಕೂಗುತ್ತಲೇ ಇದ್ದವು. ಸಂಜೆ ಏಳಕ್ಕೆ ಹೊಸ ಚರ್ಮ ತೊಟ್ಟ ಪಿಸ್ಟನ್ ಕೆಳಗಿಳಿಯಿತು. ಚಕ್ರವನ್ನು ಬಿಟ್ಟರು. ಆದರೆ ಹಗಲೆಲ್ಲ ಬೀಸಿದ ಗಾಳಿ ಹೊತ್ತು ಮುಳುಗುತ್ತಲೇ ನಿಂತುಹೋಗಿತ್ತು. ಒಂದು ರೆಕ್ಕೆಯೂ ಅಲುಗಲಿಲ್ಲ. ಏಳೂವರೆಯಾಯಿತು, ಎಂಟಾಯಿತು. ತೊಟ್ಟಿಯ ತಳದ ಪಾಚಿ ಕಾಣತೊಡಗಿತ್ತು.

ಎಂಟೂವರೆಗೆ ದಿಬ್ಬದ ಮೇಲೆ ದೀಪದ ಬೆಳಕು ಕಂಡಿತು. ನಲವತ್ತು ಕಿಲೋಮೀಟರು ದೂರದ ನೆರೆಯವರು ನೀರಿನ ಟ್ಯಾಂಕನ್ನು ಹೊತ್ತ ಲಾರಿಯನ್ನು ಹೊಡೆದುಕೊಂಡು ಬಂದಿದ್ದರು. ಮಧ್ಯಾಹ್ನವೇ ಆ ತಾಯಿ ಅವರಿಗೆ ಫೋನಿನಲ್ಲಿ ಸಂಗತಿ ತಿಳಿಸಿದ್ದರಂತೆ. ಬನ್ನಿ ಎಂದು ಕೇಳಿರಲಿಲ್ಲ. ಅವರ ಮನೆಯಲ್ಲಿಯೂ ಮರುದಿನ ಹಾಲು ಬಿಡಿಸುವ ಕೆಲಸವಿತ್ತು. ನೀರು ತೊಟ್ಟಿಗೆ ಸುರಿಯುವ ಸದ್ದಿಗೆ ಕರುಗಳು ಬೇಲಿಯನ್ನು ಬಿಟ್ಟು ಓಡಿಬಂದವು. ನೆರೆಯವರು ಒಂದು ಬಟ್ಟಲು ಕಾಫಿ ಕುಡಿದರು, ನನ್ನ ಕೈ ಕುಲುಕಿದರು, ಹೊರಟುಹೋದರು. ಹಣದ ಮಾತು ಬರಲಿಲ್ಲ. “ಅವರ ಹುಲ್ಲು ಸುಟ್ಟಾಗ ನಾವು ಹೋಗಿದ್ದೆವು” ಎಂದಷ್ಟೇ ಯಜಮಾನರು ಹೇಳಿದರು.

ಬೆಳಗಿನ ಜಾವ ಕಿರ್ರೆಂಬ ಸದ್ದಿಗೆ ಎಚ್ಚರವಾಯಿತು. ಗಾಳಿ ಎದ್ದಿತ್ತು. ಹೊರಗೆ ಬಂದು ನೋಡಿದರೆ ಚಕ್ರ ತಿರುಗುತ್ತಿತ್ತು. ಕೊಳವೆಯ ಬಾಯಿಂದ ನೀರು ಬಿಟ್ಟು ಬಿಟ್ಟು, ಹೃದಯ ಬಡಿದಂತೆ, ಬೀಳುತ್ತಿತ್ತು. ನಿಮಿಷಕ್ಕೆ ಹತ್ತು ಲೀಟರು ಇರಬಹುದು. ಅಷ್ಟು ಸಾಕಾಗಿತ್ತು. ಮೂರನೆಯ ದಿನ ಕೂಗು ಕುಗ್ಗಿತು. ನಾಲ್ಕನೆಯ ದಿನ ಬೆಳಗ್ಗೆ ಬಹುಪಾಲು ಆಕಳುಗಳು ತಾವಾಗಿಯೇ ದಿಬ್ಬ ಹತ್ತಿ ಮೇಯಲು ಹೋಗಿದ್ದವು. ಒಂದು ಮಾತ್ರ ಬೇಲಿಯ ಬಳಿ ನಿಂತಿತ್ತು. ಈಚೆ ಅದರ ಕರು ಮಲಗಿ ಮೆಲುಕು ಹಾಕುತ್ತಿತ್ತು. ಬಹಳ ಹೊತ್ತು ನೋಡಿ ಆಕಳೂ ತಿರುಗಿ ನಡೆಯಿತು.

ಇನ್ನು ಮುಚ್ಚಿಡುವುದಿಲ್ಲವೆಂದ ಮಾತು. ಆ ಕರುಗಳು ಕನಿಷ್ಠ 45 ದಿನ ಅಲ್ಲಿಯೇ ಇದ್ದು, ಮೇವು ತಿನ್ನಲು ಕಲಿತು, ಆಮೇಲೆ ಸಂತೆಗೆ ಹೋಗುತ್ತವೆ. ಕೆಲವು ಹೆಣ್ಣುಗರುಗಳು ಮಂದೆಯಲ್ಲಿ ಉಳಿಯುತ್ತವೆ. ಮಿಕ್ಕವು ಕೊಬ್ಬಿಸುವ ದೊಡ್ಡಿಗೂ, ಅಲ್ಲಿಂದ ಕಸಾಯಿಖಾನೆಗೂ ಹೋಗುತ್ತವೆ. ಆ ತಾಯಿಯನ್ನು ನಾನು ಕೇಳಿದೆ. ಅವರು ತಲೆ ತಗ್ಗಿಸದೆ, ದನಿ ಏರಿಸದೆ, ಇದ್ದುದನ್ನು ಇದ್ದಂತೆ ಹೇಳಿದರು. ನನ್ನ ಮನಸ್ಸು ಅದನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆದರೆ ಅವರನ್ನು ಖಂಡಿಸಲು ನನ್ನ ನಾಲಗೆ ಏಳಲಿಲ್ಲ. ನಮ್ಮ ಮನೆಗಳಲ್ಲಿ ಕರುವಿಗೆ ಎರಡು ಗುಟುಕು ಕುಡಿಸಿ, ತಾಯಿ ತೊರೆ ಬಿಟ್ಟೊಡನೆ ಎಳೆದು ಗೂಟಕ್ಕೆ ಕಟ್ಟಿ, ಆ ಹಾಲನ್ನು ನಾವು ಕರೆದುಕೊಳ್ಳುತ್ತೇವೆ. ಆ ಅಗಲಿಕೆ ದಿನಕ್ಕೆ ಎರಡು ಸಲ ನಡೆಯುತ್ತದೆ. ಮಿಶ್ರತಳಿಯ ಆಕಳು ಹೋರಿಗರು ಹಾಕಿದರೆ ಕೆಲವೇ ದಿನಗಳಲ್ಲಿ ಅದು ಕೊಟ್ಟಿಗೆಯಿಂದ ಕಾಣೆಯಾಗುತ್ತದೆ. ಎಲ್ಲಿಗೆ ಹೋಯಿತೆಂದು ಹಾಲು ಕುಡಿಯುವ ನಾವು ಕೇಳುವುದಿಲ್ಲ. ಆ ಮನೆಯವರು ಕಿಟಕಿ ತೆರೆದಿಟ್ಟಿದ್ದರು. ನಾವು ಮುಚ್ಚಿಕೊಂಡಿದ್ದೇವೆ. ಈ ವ್ಯತ್ಯಾಸ ನನ್ನನ್ನು ಸಣ್ಣವನನ್ನಾಗಿ ಮಾಡಿತು.

ಹೊರಡುವ ದಿನ ನಾನು ಗಾಳಿಯಂತ್ರದ ಹಳೆಯ ಚರ್ಮದ ಬಿಲ್ಲೆಯೊಂದನ್ನು ಕೇಳಿ ತಂದೆ. ಈಗ ಅದು ನನ್ನ ಮೇಜಿನ ಮೇಲಿದೆ. ಮನೆಗೆ ಬಂದವರು ಇದೇನೆಂದು ಕೇಳುತ್ತಾರೆ. ಜೂನ್ ತಿಂಗಳು ಹತ್ತಿರವಾದಾಗ ನಮ್ಮ ಸಮಾಜದ ಅನೇಕ ಮನೆಗಳಿಂದ ಎಂಟು ಹತ್ತು ವರ್ಷದ ಮಕ್ಕಳು ವಸತಿಶಾಲೆಗೂ ಪ್ರಸಾದನಿಲಯಕ್ಕೂ ಹೊರಡುತ್ತಾರೆ. ಅದು ತಪ್ಪಲ್ಲ, ಬೇಕಾದದ್ದೇ. ಓದುಗ ತಂದೆತಾಯಿಗಳಲ್ಲಿ ನನ್ನದೊಂದೇ ವಿನಂತಿ. ಮಗು ಊಟಕ್ಕೆ ಕುಳಿತಾಗ, ಆಟದಲ್ಲಿ ಮೈಮರೆತಾಗ ಹೇಳದೆ ಎದ್ದು ಬರಬೇಡಿರಿ. ಹೇಳಿ ಹೊರಡಿರಿ. ಅತ್ತರೆ ಅಳಲಿ, ಅಗಸೆಯಲ್ಲಿ ನಿಂತು ನೀವೂ ಅತ್ತುಬಿಡಿರಿ. ಮುಂದಿನ ವಾರ ಬರುತ್ತೇನೆಂದರೆ ಬನ್ನಿರಿ. ಮರಳುಗುಡ್ಡದ ದನಗಾರರು ಕರುವಿಗೆ ಮಾಡುವಷ್ಟನ್ನಾದರೂ ನಾವು ನಮ್ಮ ಮಕ್ಕಳಿಗೆ ಮಾಡೋಣ.